ಒಂದೇ ಬೆಂಚಿನ ಎರಡು ತುದಿ

ಒಣಗಲು ನೇತುಹಾಕಿದ್ದ ಫೋಟೊ ಕಂಡದ್ದೇ, ವಾರವಿಡೀ ತವರಿನಲ್ಲಿದ್ದು ಆಗಷ್ಟೇ ಮರಳಿದ್ದ ಮೊರೆನಿಕೆ ಎದೆ ಬಡಿದುಕೊಂಡು ಸ್ಟುಡಿಯೊದ ನೆಲಕ್ಕೆ ಕುಸಿದಳು. ಕಪ್ಪು ಪರದೆಯ ಮುಂದೆ, ಒಂದೇ ಬೆಂಚಿನ ಎರಡೂ ತುದಿಯಲ್ಲಿ ಅವಳ ಅವಳಿ ಮಕ್ಕಳಲ್ಲಿ ಕೆಹಿಂಡೆಯೇ ಕೂತಿದ್ದಳು; ಅವಳಿಗೆ ಮಾತ್ರ ಇದ್ದ ಹುಬ್ಬಿನ ಗಾಯದ ಗುರುತು ಎರಡೂ ಮುಖದಲ್ಲಿತ್ತು. ಅವಳಿಗಳಲ್ಲಿ ಒಂದು ಮಗು ತೀರಿಕೊಂಡರೆ ಮಾತ್ರ ಇಸೆಯಿನ್ ಊರಿನವರು ಉಳಿದ ಮಗುವನ್ನು ಹೀಗೆ ಎರಡು ಸಲ ಕೂರಿಸಿ ಫೋಟೊದಲ್ಲಿ ಜೋಡಿ ತುಂಬಿಸುತ್ತಿದ್ದರು.

"ನನ್ನ ತೈವೊ ಯಾವಾಗ ಹೋದ್ಲು? ನಂಗ್ಯಾಕೆ ಹೇಳ್ಲಿಲ್ಲ?"

ಗಂಡ ಅಕನ್ಬಿಯ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. "ಅಯ್ಯೋ, ಬಿಡ್ತು ಅನ್ನೇ! ಕ್ಯಾಮೆರಾ ಕೆಟ್ಟಿದೆ ಕಣೇ, ರೀಲು ಮುಂದಕ್ಕೇ ಹೋಗ್ತಿಲ್ಲ. ಪರೀಕ್ಷೆಗೆ ಅಂತ ಕೆಹಿಂಡೆನ ಆ ಕಡೆ, ಈ ಕಡೆ ಕೂರಿಸಿ ತೆಗೆದೆ. ಎರಡೂ ಒಂದರ ಮೇಲೊಂದು ಬಿದ್ದಿದೆ."

ಅಷ್ಟರಲ್ಲಿ ನೀರು ತರಲು ಹೋಗಿದ್ದ ತೈವೊ ಒಳಬಂದು, ಫೋಟೊ ನೋಡಿ ಮುಖ ಅರಳಿಸಿದಳು.

"ಅಪ್ಪಾ, ಈ ತುದೀಲಿರೋದು ನಾನಲ್ವಾ? ಯಾವಾಗ ತೆಗೆದೆ?"