ಗಾಯವಾದರೆ ಮನೆಗೆ

ಎರಡು ವರ್ಷದ ಮಗನಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿದೆ, ಆಸ್ಪತ್ರೆಯಲ್ಲಿ ಅವ್ವಾ ಅವ್ವಾ ಎಂದು ಕನವರಿಸುತ್ತಿದ್ದಾನೆ ಎಂದು ಊರಿನಿಂದ ಫೋನ್ ಬಂದಾಗಿನಿಂದ ನೀಲವ್ವ ಚೀಲ ಕಟ್ಟಿಕೊಂಡು ಹೊರಟು ನಿಂತಿದ್ದಳು. ಆದರೆ ಕಬಡ್ಡಿ ತಂಡದ ಶಿಬಿರದಿಂದ ಅವಳನ್ನು ಬಿಡಲೊಲ್ಲರು.

ಆಟಗಾರ್ತಿಯರ ಸಂಘದ ಪರವಾಗಿ ಮ್ಯಾನೇಜರನ ಬಳಿ ಮಾತಾಡಲು ಹೋಗಿದ್ದ ಶರೀಫಾ ತಲೆ ತಗ್ಗಿಸಿಕೊಂಡು ಬಂದಳು.

“ಒಪ್ಪಿಗಿ ಇಲ್ಲದ ಶಿಬಿರ ಬಿಟ್ಟು ಹೋದ್ರ ಅಸಹಕಾರ ಅಂತಾರ. ಮುಂದ ಬ್ಯಾರೆ ಯಾವ ತಂಡಕ್ಕೂ ಆಡೂ ಹಂಗಿಲ್ಲ. ಕರಾರಿನ್ಯಾಗ ಹಂಗ ಐತಿ.”

“ಆ ಕರಾರು ನಾವ ಕುಂತು ಬರಸಿದ್ದಲ್ಲೇನ?”

“ಹೂಂ. ಆಟಗಾರ್ತಿಗೆ ಗಾಯ ಆದ್ರ ಮನಿಗೆ ಕಳಸಾಕಬೇಕು ಅಂತ ಜಗಳಾಡಿ ಬರಸಿದ್ವಿ. ಅವಾಗ ನಮ್ಮೊಳಗ ಯಾರದೂ ಮದುವಿ ಆಗಿರಲಿಲ್ಲ ನೋಡು. ಮಕ್ಕಳ ಜಡ್ಡು ಒಬ್ಬರಿಗೂ ಹೊಳೀಲೇ ಇಲ್ಲ.”

ನೀಲವ್ವ ಜೆರ್ಸಿಯ ತುದಿಯಿಂದ ಕಣ್ಣೊರೆಸಿಕೊಂಡಳು.

“ಮ್ಯಾನೇಜರನ ಕಾಲ್ ಹಿಡಿ, ನೀಲಾ. ಮತ್ತೇನೂ ದಾರಿ ಇಲ್ಲ.”

“ಮುಂಜಾನೆನ ಹಿಡದೆ. ಕಾಲು ಹಿಂದಕ್ಕ ಎಳಕೊಂಡ.”

ಅಷ್ಟರಲ್ಲಿ ಅಭ್ಯಾಸದ ಸೀಟಿ ಕೇಳಿಸಿತು. ನೀಲವ್ವ ದಾಳಿಗೆ ಹೋಗುವವಳು. ದಾಳಿಗೆ ಬಂದವರ ಕಾಲಿಗೆ ಬಿದ್ದು ಹಿಡಿದು ಕೆಡವುವುದರಲ್ಲಿ ಶರೀಫಾಳದು ಎತ್ತಿದ ಕೈ. ಇಬ್ಬರೂ ಅಂಕಣಕ್ಕಿಳಿದು ನಡುಗೆರೆಯ ಆಚೀಚೆ ನಿಂತರು.

“ಈಗ ನೀ ನನ್ನ ಕಾಲ್ ಹಿಡಿ,” ಎಂದಳು ನೀಲವ್ವ ಮೆಲ್ಲಗೆ. “ಎಲುಬು ಮುರದ ಸಪ್ಪಳ ಕೇಳೂತನ ಬಿಡಬ್ಯಾಡ.”