ಕರಗದ ಮಂಜು

“ಹೈ ಬೀಮ್ ಇಳಿಸಿ ಅಂದೆ! ಇಳಿಸಿ!”

ಟೈಲರಮ್ಮ ಬೆಚ್ಚಿಬಿದ್ದು ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದರು. ವೈಪರ್ ಶುರುವಾಯಿತು. ಒಣ ಗಾಜಿನ ಮೇಲೆ ಕಿರ್ ಕಿರ್ ಎಂದು ಎರಡು ಸಲ ಓಡಾಡಿದ ಮೇಲೆ ಸರಿಯಾದ ಕಡ್ಡಿ ಕೈಗೆ ಸಿಕ್ಕಿತು.

ಡ್ರೈವಿಂಗ್ ಮೇಷ್ಟ್ರು ಹಣೆ ಚಚ್ಚಿಕೊಂಡರು.

“ಮಂಜು ಅಂದ್ರೇನು? ನೀರಿನ ಹನಿ. ಹೈ ಬೀಮ್ ಹಾಕಿದ್ರೆ ಬೆಳಕು ಅದಕ್ಕೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತೆ. ಮುಂದೆ ಬಿಳೀ ಗೋಡೆ ಕಟ್ಟಿದ ಹಾಗೆ. ಲೋ ಬೀಮ್ ಹಾಕಿ, ಕೆಳಗಿನ ಫಾಗ್ ಲೈಟ್ ಹಾಕಿ. ಅದು ರಸ್ತೆಗೆ ಅಂಟಿಕೊಂಡು ಬೆಳಕು ಚೆಲ್ಲುತ್ತೆ. ಎಷ್ಟು ಸಲ ಹೇಳಲಿ?”

“ಗೊತ್ತಾಯ್ತು ಮೇಷ್ಟ್ರೇ. ಈ ಮಂಜಿನ ಪಾಠ ಇನ್ನೂ ಎಷ್ಟು ದಿನ?”

“ಮಂಜು ಹೋಗೋ ತನಕ.”

ಟೈಲರಮ್ಮ ಏಕೋ ನಕ್ಕರು. ಮೇಷ್ಟ್ರಿಗೆ ಮೈ ಉರಿಯಿತು.

ನಗುವ ಕಾಲವೇ ಇದು? ನಾಡಿದ್ದು ಲೈಸೆನ್ಸ್ ಪರೀಕ್ಷೆ. ಒಮ್ಮೆ ಫೇಲಾದ ಹೆಂಗಸು. ಮೂರು ಶಾಲೆಗಳ ಯೂನಿಫಾರ್ಮ್ ಹೊಲಿಯುವ ಕೆಲಸ ಒಪ್ಪಿಕೊಂಡಿದ್ದಾರೆ. ಬಟ್ಟೆ ಸಾಗಿಸಲು ಹಳೆಯ ವ್ಯಾನೊಂದು ಅಂಗಡಿ ಮುಂದೆ ನಿಂತಿದೆ, ಓಡಿಸುವವರಿಲ್ಲ. ಈ ಸಲವೂ ಫೇಲಾದರೆ ಕೆಲಸ ಬೇರೆಯವರ ಪಾಲು. ಆದರೂ ಫಾಗ್ ಲೈಟಿನ ಗುಂಡಿ ಯಾವುದೆಂದು ತಡಕಾಡುತ್ತಾರೆ!

ಇಪ್ಪತ್ತೆಂಟು ವರ್ಷದಲ್ಲಿ ಮೇಷ್ಟ್ರು ಇಂಥ ಮಂಜು ಕಂಡಿರಲಿಲ್ಲ. ಬೇರೆ ವರ್ಷ ಎಂಟು ಗಂಟೆಗೆಲ್ಲ ಹರಿದುಹೋಗುತ್ತಿತ್ತು. ಈ ಸಲ ಮೂರು ವಾರದಿಂದ ಬೀಡುಬಿಟ್ಟಿದೆ. ಹತ್ತಾದರೂ ಕದಲದು, ಹನ್ನೊಂದಾದರೂ ಕದಲದು. ಬೆಳಗ್ಗೆ ಹೆಂಡತಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಗಲೂ ಹೇಳಿ ನೋಡಿದರು.

“ಈ ಮಂಜಲ್ಲಿ ಅದು ಒಣಗಿದ ಹಾಗೇ ಇದೆ ಬಿಡು.”

“ನಿಮ್ಮ ಬಾಯಿಗೆ ಯಾರು ಸಿಗ್ತಾರೆ?” ಎಂದು ಆಕೆ ಕ್ಲಿಪ್ಪು ಸಿಕ್ಕಿಸಿ ಒಳಗೆ ಹೋದರು. ಊರೆಲ್ಲ ಸಿಡುಕು ಮೇಷ್ಟ್ರೆಂದು ಕರೆಯುವ ಮನುಷ್ಯನೊಂದಿಗೆ ಬಾಳಿದವರು, ಯಾವ ಮಾತಿಗೂ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮಂಜಾದರೂ ಬೇಕು, ಈ ಜನ ಬೇಡ. ನೂರು ಗಾಡಿಯಲ್ಲಿ ಒಂದಕ್ಕೂ ದೀಪವಿಲ್ಲ! ನೆರಳಿನ ಹಾಗೆ ಎದುರು ಬಂದು, ನೆರಳಿನ ಹಾಗೆ ಪಕ್ಕದಲ್ಲಿ ಹಾದುಹೋಗುತ್ತವೆ. ನಿನ್ನೆ ತಾಳ್ಮೆಗೆಟ್ಟು ಟ್ರಾಫಿಕ್ ಆಫೀಸಿಗೇ ಫೋನ್ ಮಾಡಿದ್ದರು. ಮಂಜು ಮುಸುಕಿದಾಗ ದೀಪ ಹಾಕಿ ಎಂದು ಒಂದು ಬೋರ್ಡಾದರೂ ಬರೆಸಿ ಎಂದಿದ್ದರು. “ಆಯ್ತು ಸಾರ್, ಬರ್ಕೊಂಡೆ,” ಎಂದಿತ್ತು ಆ ಕಡೆಯ ದನಿ. ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದರು.

ಸಿಗ್ನಲ್‌ನಲ್ಲಿ ಕಾರು ನಿಂತಿತು. ಪಕ್ಕಕ್ಕೆ ಬಂದ ಸ್ಕೂಟರಿನವನು ಕಿಟಕಿಯ ಬಳಿ ಬಗ್ಗಿ, ಬೆರಳುಗಳನ್ನು ಮುಚ್ಚಿ ಬಿಚ್ಚಿ ತೋರಿಸಿದ. ಲೈಟ್ ಉರೀತಿದೆ ನೋಡ್ಕೊಳ್ಳಿ ಎಂಬ ಸನ್ನೆ.

“ಉರೀಬೇಕು ಅಂತಲೇ ಹಾಕಿರೋದು ಕಣಯ್ಯಾ!” ಮೇಷ್ಟ್ರು ಗುಡುಗಿದರು. “ನೀನೂ ಹಾಕು ಮೊದಲು!”

ಅವನು ಟೈಲರಮ್ಮನ ಮುಖ ನೋಡಿದ. ಟೈಲರಮ್ಮ, “ಪಾಠ ನಡೀತಿದೆ,” ಎಂದರು ಮೆಲ್ಲಗೆ. ಅವನು ತಲೆಯಾಡಿಸಿ ಹೊರಟ.

ಸಿಗ್ನಲ್ ದಾಟಿದರು. ಕಾರು ಹಗುರಾಗಿ ವೇಗ ಹೆಚ್ಚಿಸಿಕೊಂಡಿತು.

“ನಿಧಾನ! ಮುಂದೇನಿದೆ ಅಂತ ಕಾಣದೆ ಹೀಗಾ ಓಡಿಸೋದು?”

“ಕಾಣ್ತಿದೆಯಲ್ಲ ಮೇಷ್ಟ್ರೇ.”

“ಏನು ಕಾಣ್ತಿದೆ ಮಣ್ಣು! ಪಕ್ಕಕ್ಕೆ ಹಾಕಿ. ಇಳೀರಿ. ಹೇಗೆ ಓಡಿಸಬೇಕು ಅಂತ ನಾನೇ ತೋರಿಸ್ತೀನಿ.”

ಸೀಟು ಬದಲಾಯಿತು. ಪಾಠದ ಕಾರಾದ್ದರಿಂದ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಟೈಲರಮ್ಮ ಚಪ್ಪಲಿ ಸರಿಸಿಕೊಂಡು ಅದರ ಪಕ್ಕ ಕಾಲಿಟ್ಟು ಕುಳಿತರು.

“ನೋಡಿ. ಲೋ ಬೀಮ್. ಫಾಗ್ ಲೈಟ್. ಗಾಡಿ ಓಡ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸೋದು ಮೂರ್ಖರು. ಎಡಗಡೆ ಬಿಳೀ ಗೆರೆ ಹಿಡಿದು ಹೋಗಬೇಕು. ಮಂಜು ಕರಗಿದ ಕೂಡಲೇ ಫಾಗ್ ಲೈಟ್ ಆರಿಸಬೇಕು, ಇಲ್ಲಾಂದ್ರೆ ಎದುರಿನವರ ಕಣ್ಣು ಕುಕ್ಕುತ್ತೆ. ನೆನಪಿರಲಿ, ಪರೀಕ್ಷೇಲಿ ಕೇಳ್ತಾರೆ—”

“ಮೇಷ್ಟ್ರೇ!”

ಟೈಲರಮ್ಮನ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಕಿರುಚಿ ನಿಂತಿತು. ಬಾನೆಟ್ಟಿಗೆ ಒಂದು ಗೇಣು ದೂರದಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮುದುಕ ಕಲ್ಲಾಗಿ ನಿಂತಿದ್ದ. ಸೈಕಲ್ಲಿನ ಕ್ಯಾರಿಯರ್ ಮೇಲೆ, ಸೀಟು ಅಪ್ಪಿಕೊಂಡು, ಒಂದು ಪುಟ್ಟ ಹುಡುಗಿ.

“ಕಣ್ಣು ಕಾಣಲ್ವೇನ್ರೀ?” ಮುದುಕ ಕೂಗಿದ.

ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿದರು. “ಈ ಮಂಜಲ್ಲಿ ಮಗೂನ ಕೂರಿಸ್ಕೊಂಡು ಹೊರಟಿದ್ದೀರಲ್ಲ, ಒಂದು ಟಾರ್ಚ್ ಆದರೂ ಹಿಡ್ಕೋಬಾರದಾ?”

ಮುದುಕ ಮೇಷ್ಟ್ರನ್ನು ಒಮ್ಮೆ, ಟೈಲರಮ್ಮನನ್ನು ಒಮ್ಮೆ ನೋಡಿದ. ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಆ ಬದಿಗೆ ಸರಿದ.

“ನೋಡಿದ್ರಾ ಜನಾನ? ಹೇಳಿ ಹೇಳಿ ಸಾಕಾಯ್ತು ನನಗೆ.” ಮೇಷ್ಟ್ರು ಕರವಸ್ತ್ರ ತೆಗೆದು ಮುಂದಿನ ಗಾಜನ್ನು ಉಜ್ಜತೊಡಗಿದರು.

ಟೈಲರಮ್ಮ ಕೈ ಚಾಚಿ ಇಂಜಿನ್ ಆಫ್ ಮಾಡಿದರು. ಬೀಗದ ಕೈ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು.

“ನೀವು ದಿನಾ ಮಂಜು ಮಂಜು ಅಂತಿದ್ದದ್ದು... ಪಾಠಕ್ಕೋಸ್ಕರ ಹಾಗೆ ಅನ್ಕೋಬೇಕು ಅಂತ ತಿಳ್ಕೊಂಡಿದ್ದೆ ನಾನು.”

“ಅಂದ್ರೆ?”

“ಹೊರಗೆ ನಿಚ್ಚಳ ಬಿಸಿಲು ಮೇಷ್ಟ್ರೇ. ಈ ಮೂರು ವಾರದಲ್ಲಿ ಒಂದು ದಿನವೂ ಮಂಜು ಬಿದ್ದಿಲ್ಲ.”