ಅಬ್ಬಾನ ಎರಡು ಕೋವಿ

ಉಬೈದನ ಎರಡನೆಯ ಏಟಿಗೆ ಮಲೀಕಾಳ ತುಟಿ ಒಡೆದು, ಕಲಸುತ್ತಿದ್ದ ಹಿಟ್ಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಅವನು ಅವಳ ಕೂದಲು ಹಿಡಿದು ತಲೆಯನ್ನು ಅಡುಗೆಮನೆಯ ಗೋಡೆಗೆ ಒತ್ತಿದ. "ಇಲ್ಲಿ ಅಬುಧಾಬಿಯಲ್ಲಿ ಬಚಾವಾದೆ. ರಜೆಗೆ ಭಟ್ಕಳಕ್ಕೆ ಬಾ. ಅಬ್ಬಾನ ಎರಡೂ ಕೋವಿ ಈಗ ನನ್ನವು. ನಿಂಗೆ ಒಂದೇ ಗುಂಡು ಸಾಕು."

ಬಾಗಿಲಲ್ಲಿ ಅವನ ತಾಯಿ ಹಾಜಿರಾ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಮೊನ್ನೆಯಷ್ಟೇ ಮಗನ ಮನೆಗೆ ಬಂದವಳು. ಮಲೀಕಾ ಅವಳತ್ತ ನೋಡಲಿಲ್ಲ. ಅತ್ತೆ ಎಂದೂ ಮಗನಿಗೆ ಎದುರಾಡಿದವಳಲ್ಲ.

"ಕೋವಿ ಇಲ್ಲ," ಎಂದಳು ಹಾಜಿರಾ. "ಎರಡನ್ನೂ ಪೊಲೀಸರಿಗೆ ಒಪ್ಪಿಸಿಯೇ ವಿಮಾನ ಹತ್ತಿದ್ದು."

ಉಬೈದ್ ಹೆಂಡತಿಯನ್ನು ಬಿಟ್ಟು ತಿರುಗಿದ. "ಅಮ್ಮಾ! ಅದು ಅಬ್ಬಾ ನಂಗೆ ಬಿಟ್ಟುಹೋದದ್ದು!"

"ಹೌದು. ಅದರಲ್ಲೊಂದು ಕೋವಿಯ ಹಿಡಿಯಿಂದ ಅವರು ನನ್ನ ದವಡೆ ಮುರಿದಾಗ ನೀನು ಹೊಟ್ಟೆಯಲ್ಲಿದ್ದೆ."

ಅವನ ಕೈ ತಾಯಿಯ ಕೆನ್ನೆಗೆ ಅಪ್ಪಳಿಸಿತು. ಹಾಜಿರಾ ನೆಲಕ್ಕೆ ಬಿದ್ದಳು. ಉಬೈದ್ ತನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟ.

ಹಾಜಿರಾ ಗೋಡೆ ಹಿಡಿದು ಎದ್ದು, ಹಿಟ್ಟು ಮೆತ್ತಿದ ಸೊಸೆಯ ಕೈಗೆ ಫೋನು ಇಟ್ಟಳು. "ಇಲ್ಲಿಯ ಪೊಲೀಸರ ನಂಬರ್ ಒತ್ತು ಮಗಳೇ. ಹೊಡೆದವ ನನ್ನ ಮಗ ಅಂತ ನಾನೇ ಹೇಳ್ತೇನೆ."

ಮಲೀಕಾ ಒತ್ತಿದಳು.